ಕಂತಿನಲ್ಲಿ ಸಿಗುವ ಸ್ಟೆಮ್ ಸೆಲ್

ನನ್ನ ತಂಗಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಅನ್ನೋ ನರದ ಕಾಯಿಲೆ. ಇವತ್ತು ಬೆಳಗ್ಗೆ ಅವಳ ಫಿಸಿಯೋಥೆರಪಿ ಮುಗಿಯೋವರೆಗೆ ಹೊರಗೆ ಕೂತಿದ್ದೆ. ಬೆಂಚಿನ ಮೇಲೆ ಮಿರಮಿರ ಮಿಂಚುವ ಪಾಂಪ್ಲೆಟ್. "ಮೆದುಳಿನ ಉರಿಯೂತಕ್ಕೆ ಸ್ಟೆಮ್ ಸೆಲ್. ಇಎಂಐ ಸೌಲಭ್ಯವಿದೆ." ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಅದನ್ನು ಕಂತಿನಲ್ಲಿ, ಫ್ರಿಜ್ ಮಾರುವ ಹಾಗೆ!

ಅದು ಪೂರ್ತಿ ಸುಳ್ಳಲ್ಲವಲ್ಲ, ಅದಕ್ಕೇ ಜಾಸ್ತಿ ಸಿಟ್ಟು. ಎಂಎಸ್‌ನಲ್ಲಿ ಮೈ ಕಾಯಬೇಕಾದ ಕೋಶಗಳೇ ನರದ ಹೊದಿಕೆಯನ್ನು ಕಿತ್ತು ಹಾಕುತ್ತವೆ. ಮೆದುಳಿನ ಕಾವಲುಗಾರ ಮೈಕ್ರೋಗ್ಲಿಯಾ ಕೂಡ ಕೆರಳಿ ನಿಂತಿರುತ್ತವೆ. 2018ರಲ್ಲಿ ಕೇಂಬ್ರಿಜ್‌ನವರು ಇಲಿಯ ಚರ್ಮದ ಕೋಶಗಳನ್ನು ನರದ ಸ್ಟೆಮ್ ಸೆಲ್ ಮಾಡಿ, ಎಂಎಸ್‌ನಂಥ ಕಾಯಿಲೆ ಬರಿಸಿದ ಇಲಿಗಳಿಗೆ ಚುಚ್ಚಿದರು. ಮೆದುಳು, ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ಸಕ್ಸಿನೇಟ್ ಅನ್ನೋ ಪದಾರ್ಥ ಹೆಚ್ಚಾಗಿ ಕಾವಲುಗಾರರನ್ನು ಕೆರಳಿಸುತ್ತಿತ್ತು. ಹೊಸ ಕೋಶಗಳು ಅದನ್ನು ಹೀರಿಕೊಂಡವು. ಉರಿ ಇಳಿಯಿತು. ಒಂಥರಾ ಜಗಳ ಬಿಡಿಸಿದವು ಅನ್ನಿ. ಓದಿದ ರಾತ್ರಿ ನನಗೆ ಖುಷಿಗೆ ನಿದ್ದೆ ಬಂದಿರಲಿಲ್ಲ.

ಆದರೆ ಇಲಿ ಕಣ್ರೀ!

ಮನುಷ್ಯರ ಮೇಲೂ ಆಗಿದೆ. 2023ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ 15 ಜನ. ನರದ ಸ್ಟೆಮ್ ಸೆಲ್ ನೇರ ಮೆದುಳಿಗೇ ಚುಚ್ಚಿ ಒಂದು ವರ್ಷ ನೋಡಿದರು. ದೊಡ್ಡ ತೊಂದರೆ ಆಗಲಿಲ್ಲ, ಕಾಯಿಲೆ ಏರಿದ್ದೂ ಕಾಣಲಿಲ್ಲ. ಆದರೆ ಹೋಲಿಸಿ ನೋಡೋಕೆ ಚುಚ್ಚಿಸಿಕೊಳ್ಳದ ಇನ್ನೊಂದು ಗುಂಪೇ ಇರಲಿಲ್ಲ. ಪಾಂಪ್ಲೆಟ್‌ನಲ್ಲಿ ಇದೇ "ವಿದೇಶದಲ್ಲಿ ಯಶಸ್ವಿ"! ಇವರು ಕೊಡೋದು ಆ ಕೋಶವೂ ಅಲ್ಲ. ಹೊಟ್ಟೆಯ ಕೊಬ್ಬಿನಿಂದ ತೆಗೆದು ಕೈಗೆ ಡ್ರಿಪ್ ಹಾಕ್ತಾರಂತೆ. ಹಾಗೆ ಬಿಟ್ಟವು ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಮೆದುಳಿನ ದಾರಿ ದೂರ.

ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಇನ್ನೂ ಪ್ರಯೋಗ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲೇ ಹೇಳಿದೆ. ಪ್ರಯೋಗ ಅಂದಮೇಲೆ ಇಎಂಐ ಯಾತಕ್ಕೆ ಸ್ವಾಮಿ?

"ಬೇರೆ ದಾರಿ ಇಲ್ಲದವರ ಆಸೆಗೆ ಯಾಕೆ ಕಲ್ಲು ಹಾಕ್ತೀಯ?" ಅಂತ ನಮ್ಮಣ್ಣ ಫೋನಿನಲ್ಲಿ ರೇಗಿದ. ಆಸೆ ಇರಲಿ ಅಣ್ಣಾ, ಆ ಆಸೆಗೆ ಕಂತು ಕಟ್ಟಿಸ್ತಾರಲ್ಲ, ನನಗೆ ಉರಿಯೋದು ಅದಕ್ಕೆ.

ನಾನೇನು ಸಾಚಾ ಅಲ್ಲ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಕಡೆಗೆ ಫೋನ್ ಮಾಡಿ, ಬಳೆ ಅಡ ಇಟ್ಟರೆ ಎಷ್ಟು ಸಿಗುತ್ತೆ ಅಂತ ಬ್ಯಾಂಕಿಗೂ ಹೋಗಿ ಬಂದವಳು. ಇವತ್ತೂ ಆ ಪಾಂಪ್ಲೆಟ್ ಹರಿಯೋಕೆ ಕೈ ಬರಲಿಲ್ಲ. ಮಡಿಚಿ ಬ್ಯಾಗಿಗೆ ತುರುಕುವಾಗಲೇ ತಂಗಿ ವಾಕರ್ ಹಿಡಿದು ಹೊರಗೆ ಬಂದಳು.

"ಏನಕ್ಕಾ ಅದು?"

"ಫ್ರಿಜ್ ಆಫರ್" ಅಂದೆ.