ಬೀರುವಿನೊಳಗಿನ ಮೀಸೆ

ಮಗಳನ್ನು ಎಲ್‌ಕೆಜಿಗೆ ಸೇರಿಸೋಣ ಅಂತ ಹಾಸನದ ಒಂದು ಶಾಲೆಗೆ ಹೋಗಿದ್ದೆ. ಆಧಾರ್ ಕೇಳಿದರು, ಕೊಟ್ಟೆ. ಹೆಂಡತಿಯದ್ದೂ ಕೇಳಿದರು. ಆಮೇಲೆ ಜಾತಿ, ಆದಾಯ, ಇಬ್ಬರ ಡಿಗ್ರಿ ಮಾರ್ಕ್ಸ್ ಕಾರ್ಡು. ಎರಡನೇ ಸೆಮಿಸ್ಟರಿನಲ್ಲಿ ನನಗೊಂದು ಸಬ್ಜೆಕ್ಟ್ ಹೋಗಿದ್ದು ಹೆಂಡತಿಗೇ ಗೊತ್ತಿರಲಿಲ್ಲ. ಆಫೀಸಿನ ಮೇಡಂ ಕನ್ನಡಕ ಏರಿಸಿ ಒಂದೇ ನೋಟಕ್ಕೆ ಹಿಡಿದರು.

ನಮ್ಮನ್ನೇ ಇಷ್ಟು ಜಾಲಾಡುವವರು ಸಿಬ್ಬಂದಿಯನ್ನು ಬಿಟ್ಟಾರೆಯೇ? ಸುಮ್ನೆ ಕೇಳಿದೆ. "ವ್ಯಾನ್ ಡ್ರೈವರಿಗೆ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಮೇಡಂ?"

"ಅಯ್ಯೋ ಸಾರ್, ಅವರು ನಮ್ಮ ಸೆಕ್ರೆಟರಿ ಊರಿನವರು!"

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಶಾಲೆಯವರು ಪ್ರತಿಯೊಬ್ಬ ನೌಕರನ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಮೇಷ್ಟ್ರಿರಲಿ, ಆಯಾ ಇರಲಿ, ಗುತ್ತಿಗೆ ಮೇಲೆ ಬಂದವರಿರಲಿ. ಒಂದು ಸಲ ಮಾಡಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ, ಕಾಲಕಾಲಕ್ಕೆ ಮಾಡಿಸುತ್ತಿರಬೇಕು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯೊಂದು 2018ರಿಂದ ಇದೆ. ಅದನ್ನು ತೆರೆದು ನೋಡುವ ಅಧಿಕಾರ ಇರುವುದು ಪೊಲೀಸರಂಥವರಿಗೆ ಮಾತ್ರ. ಅಂದರೆ ಶಾಲೆ ಅವರ ಹತ್ತಿರ ಹೋಗಲೇಬೇಕು. ಸೆಕ್ರೆಟರಿ ಊರಿನವರಿಗೆ ವಿನಾಯಿತಿ ಅಂತ ನಾನಂತೂ ಎಲ್ಲೂ ಓದಿಲ್ಲ.

ಬಿಡಲಿಲ್ಲ, ಬೀರು ತೆಗೆಸಿದೆ. ಫೈಲು ಬಂತು. ಲ್ಯಾಮಿನೇಶನ್ ಮಾಡಿಸಿದ ಸರ್ಟಿಫಿಕೇಟು, ದುಂಡನೆಯ ಸೀಲು. ಮೂಲೆಯ ಫೋಟೊದಲ್ಲಿ ದಪ್ಪ ಮೀಸೆ, ತಲೆ ತುಂಬ ಗುಂಗುರು ಕೂದಲು. ಕಿಟಕಿಯಾಚೆ ವ್ಯಾನಿಗೆ ಒರಗಿ ಬೀಡಿ ಸೇದುತ್ತಿದ್ದವರಿಗೆ ಎರಡೂ ಇರಲಿಲ್ಲ.

"ಪಾಪ, ಕೂದಲೆಲ್ಲ ಉದುರಿದೆಯಾ?"

"ಇಲ್ಲ ಸಾರ್, ಇವರು ಬೇರೆ. ಫೋಟೊದವರು ಬಿಟ್ಟು ನಾಲ್ಕು ವರ್ಷ ಆಯ್ತು. ಆದ್ರೆ ವ್ಯಾನ್ ಅದೇ ಅಲ್ವಾ?"

ವ್ಯಾನಿನ ಮೇಲೆ ಯಾವ ಕೇಸೂ ಇಲ್ಲ ಅನ್ನೋದಂತೂ ಖಾತ್ರಿಯಾಯಿತು.

ನಮ್ಮ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಹೋದ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಅಂತ ನಂಬಿಕೆ. ಈ ಬೀರುವಿನದ್ದೂ ಅದೇ ಪವಾಡ. ಇನ್‌ಸ್ಪೆಕ್ಷನ್ ದಿನ ಬಾಗಿಲು ತೆಗೆದರೆ ಒಳಗಿನ ಮೀಸೆ ಒಂದೆಳೆಯೂ ನರೆತಿರುವುದಿಲ್ಲ.

ಮೇಡಂ ಫೈಲನ್ನು ಒಳಗಿಟ್ಟು ಬೀಗ ಹಾಕಿದರು. ನನ್ನ ಕಾಗದಗಳನ್ನು ಮತ್ತೆ ಕೈಗೆತ್ತಿಕೊಂಡರು.

"ಸಾರ್, ನಿಮ್ಮ ಆದಾಯ ಪ್ರಮಾಣಪತ್ರ ಹಳೇದಾಗಿದೆ. ಹೊಸದು ತಗೊಂಡು ಬನ್ನಿ. ಇಂಥದ್ದರಲ್ಲಿ ನಾವು ತುಂಬಾ ಸ್ಟ್ರಿಕ್ಟು."