ಅಮೆರಿಕದ ಕೋಚೂ ನಮ್ಮ ರಾಯರ ವಾಕಿಂಗೂ

ನಿನ್ನೆ ಬೆಳಿಗ್ಗೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬನಿಗೆ "ಮಂಡಿ ಬಗ್ಗಿಸೋ, ಬಗ್ಗಿಸಿ ಶೂಟ್ ಮಾಡು" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತು ಅಂಕಲ್, ಕೋಚ್ ಸರ್ ಹೇಳಿಕೊಟ್ಟಿದ್ದಾರೆ" ಅಂದ.

ನಾನು ಅಂಕಲ್. ಹೋದ ವಾರ ವಿಮಾನ ಹತ್ತಿದವರು ಕೋಚ್ ಸರ್. ಈ ಹುಡುಗನಿಗೆ ಡ್ರಿಬಲ್ ಕಲಿಸಿದ್ದು, ಬಾಲ್ ಪಕ್ಕದ ಕಾಂಪೌಂಡಿಗೆ ಬಿದ್ದಾಗ ಗೇಟ್ ಹೊರಗೆ ನಿಂತು ಬೈಸಿಕೊಂಡಿದ್ದು, ಎಲ್ಲಾ ಈ ಅಂಕಲ್ಲೇ. ಮಂಡಿ ಬಗ್ಗಿಸು ಅಂತ ನಾನು ವರ್ಷಗಟ್ಟಲೆ ಬಾಯಿ ಬಡ್ಕೊಂಡೆ. ಒಂದು ಮಂಡಿಯೂ ಬಗ್ಗಲಿಲ್ಲ. ಅವರು ಬಂದು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಇಡೀ ಬಡಾವಣೆಯ ಮಂಡಿಗಳು ಬಗ್ಗಿದವು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನ ಕೋರ್ಟಿನಲ್ಲಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಆಡಿಸುತ್ತೇನೆ. ಸಂಬಳ ಇಲ್ಲ, ಬೈಗುಳ ಧಾರಾಳ. ಈ ಸಲ ಅಮೆರಿಕದ ಒಬ್ಬ ಕಾಲೇಜು ಕೋಚ್ ಒಂದಷ್ಟು ವಾರ ನಮ್ಮ ಮಕ್ಕಳಿಗೆ ಕಲಿಸಲು ಬಂದಿದ್ದರು. 'ಕ್ರೀಡೆಯ ಮೂಲಕ ಸಾಂಸ್ಕೃತಿಕ ವಿನಿಮಯ' ಅಂತ ಗೇಟಿಗೆ ಬ್ಯಾನರ್ ಕಟ್ಟಿದ್ದರು. ಬ್ಯಾನರಿನಲ್ಲಿ ಅವರ ಫೋಟೊ ಅಂಚೆ ಚೀಟಿಯಷ್ಟು. ಉಳಿದ ಜಾಗವೆಲ್ಲ ಸಮಿತಿಯವರದು.

ರಿಂಗಿಗೆ ನೆಟ್ ಹಾಕಿಸಿ ಅಂತ ನಾನು ಸಮಿತಿಗೆ ಕೊಟ್ಟ ಅರ್ಜಿಗಳನ್ನು ಒಟ್ಟಿಗೆ ಹೊಲಿದರೆ ಅದೇ ಒಂದು ನೆಟ್ ಆಗುತ್ತಿತ್ತು. ಅಮೆರಿಕದವರು ಬರ್ತಾರೆ ಅಂದ ಕೂಡಲೇ ರಾತ್ರೋರಾತ್ರಿ ಹೊಸ ನೆಟ್ ಬಂತು, ಗೆರೆಗಳಿಗೆ ಬಿಳಿ ಬಣ್ಣ ಬಂತು, ತ್ರೀ ಪಾಯಿಂಟ್ ಗೆರೆಯ ಮೇಲೆ ಮಲಗುತ್ತಿದ್ದ ಕೆಂಪು ನಾಯಿ ಕೂಡ ಅದೇನು ಕೇಳಿಸಿಕೊಂಡಿತೋ, ಜಾಗ ಬದಲಾಯಿಸಿತು.

ಬಂದ ದಿನವೇ ಕೋಚ್ ಮಾಡಿದ ಮೊದಲ ಕೆಲಸ ಟೇಪ್ ಹಿಡಿದು ರಿಂಗ್ ಅಳೆದದ್ದು. ನೆಲದಿಂದ ರಿಂಗಿಗೆ ಹತ್ತು ಅಡಿ, ಅಂದರೆ 3.05 ಮೀಟರ್ ಇರಬೇಕು. ನಮ್ಮದು ನಾಲ್ಕು ಬೆರಳು ಕಮ್ಮಿ! ಕಂಬ ಕುಸಿದಿಲ್ಲ, ನೆಲವೇ ಮೇಲೆದ್ದಿದೆ. ಕೋರ್ಟ್ ರಿಪೇರಿ ಅಂದರೆ ಹಳೇ ಕಾಂಕ್ರೀಟ್ ಅಗೆಯೋದು ಯಾರಿಗೆ ಬೇಕು, ಅದರ ಮೇಲೇ ಇನ್ನೊಂದು ಪದರ ಎಳೆದು ಬಿಲ್ ಮಾಡೋದು ತಾನೇ? ನಮ್ಮ ಹುಡುಗರು ಇಲ್ಲಿ ಹುಲಿಗಳು. ಬೆಂಗಳೂರಿಗೆ ಮ್ಯಾಚಿಗೆ ಹೋದರೆ ಹೊಡೆದ ಬಾಲೆಲ್ಲ ರಿಂಗಿನ ಮುಂತುದಿಗೆ ಬಡಿದು ವಾಪಸ್. ಅದಕ್ಕೆ 'ಟೆನ್ಶನ್', 'ನೀರು ಬದಲಾಗಿದೆ' ಅಂತೆಲ್ಲ ಕಾರಣ ಹುಡುಕುತ್ತಿದ್ದೆವು.

ಆಮೇಲೆ ಬಾಲ್ ನೋಡಿದರು. ಹತ್ತು ವರ್ಷದ ಮಕ್ಕಳ ಕೈಯಲ್ಲಿ ಏಳನೇ ಸೈಜ್, ದೊಡ್ಡ ಗಂಡಸರು ಆಡುವ ಬಾಲ್. "ಐದನೇ ಸೈಜ್ ಇಲ್ಲವೇ?" ಅಂದರು. ನಾನು ಸಮಿತಿಯ ಕಡೆ ನೋಡಿದೆ. ಸಮಿತಿ ಬ್ಯಾನರ್ ಕಡೆ ನೋಡಿತು. ಮೂರನೇ ದಿನಕ್ಕೆ ಐದನೇ ಸೈಜಿನ ಬಾಲ್‌ಗಳು ಚೀಲದಲ್ಲಿ ಬಂದವು. ನಾನು ಕೇಳಿದ್ದಾಗ "ಮಕ್ಕಳು ಬೆಳೀತಾರಲ್ಲ, ಸುಮ್ನೆ ಯಾಕೆ ಖರ್ಚು" ಅಂದಿದ್ದರು.

ತಿಂಡಿ ವಿಷಯ ಜಾಸ್ತಿ ಹೇಳಲ್ಲ. ದಿನಕ್ಕೊಂದು ಮನೆ, "ಇನ್ನೊಂದೇ ಒಂದು ಹಾಕಿಸ್ಕೊಳ್ಳಿ" ಅನ್ನುವ ಅಮ್ಮಂದಿರು, ಬೇಡ ಅಂದರೆ ಬೇಜಾರು ಮಾಡ್ಕೋತಾರೆ ಅಂತ ಹೆದರಿ ತಿಂದ ಕೋಚ್. ವಿನಿಮಯದ ಲೆಕ್ಕ ಇಷ್ಟೇ: ಅವರು ನಮಗೆ ಪಿಕ್ ಅಂಡ್ ರೋಲ್ ಅನ್ನುವ ಆಟದ ಪಟ್ಟು ಕೊಟ್ಟರು, ನಾವು ಅವರಿಗೆ ಹೊಟ್ಟೆ ಕೊಟ್ಟೆವು.

ಹೀಗೆ ಇಡೀ ಬಡಾವಣೆ ಅಮೆರಿಕಕ್ಕೆ ಅಡ್ಡಬಿದ್ದಿದ್ದಾಗ ಬಗ್ಗದೆ ನಿಂತವರು ಒಬ್ಬರೇ, ನಮ್ಮ ರಾಯರು.

ಪಾರ್ಕಿನ ವಾಕಿಂಗ್ ದಾರಿಯನ್ನು ಪೈಪಿಗೆ ಅಂತ ಅಗೆದರು. ಅಗೆದವರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಡಾಕ್ಟರು ರಾಯರಿಗೆ ಸಮತಟ್ಟಾದ ನೆಲದ ಮೇಲೇ ನಡೀಬೇಕು ಅಂದಿದ್ದಾರೆ. ಪಾರ್ಕಿನಲ್ಲಿ ಸಮತಟ್ಟಾಗಿರುವುದು ಕೋರ್ಟ್ ಒಂದೇ. ಹಾಗಾಗಿ ಮಂಕಿ ಕ್ಯಾಪ್, ತೋಳಿಲ್ಲದ ಸ್ವೆಟರ್, ಜೇಬಿನೊಳಗೆ ಮೊಬೈಲಿನಲ್ಲಿ ವಿಷ್ಣು ಸಹಸ್ರನಾಮ, ಕಂಕುಳಲ್ಲಿ ಮಡಿಸಿದ ಛತ್ರಿ, ಹೀಗೆ ಆರೂ ಕಾಲಿಗೆ ಬರುತ್ತಾರೆ. ಎಡಮೂಲೆಯಿಂದ ಶುರು, ರಿಂಗಿನ ಹಿಂದಿನ ಗೆರೆ ಬೇಸ್‌ಲೈನ್ ಮೇಲೆ ಸಾಗಿ, ರಿಂಗಿನ ಕೆಳಗೆ ತಿರುಗಿ, ಫ್ರೀ ಥ್ರೋ ಗೆರೆ ದಾಟಿ ಆಚೆ. ಮಧ್ಯೆ ಪೇಂಟ್ ಒಳಗೆ, ಅಂದರೆ ರಿಂಗಿನ ಮುಂದಿನ ಚೌಕದೊಳಗೆ, ನಿಂತು ಕೈ ತಿರುಗಿಸುತ್ತಾರೆ. ಬಾಲ್ ಇರುವ ತಂಡದ ಆಟಗಾರ ಎದುರಾಳಿಯ ಪೇಂಟ್ ಒಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ರಾಯರು ಯಾವ ತಂಡದವರೂ ಅಲ್ಲವಲ್ಲ, ಬಲಗೈ ಮುಗಿಸಿ ಎಡಗೈ ಶುರು ಮಾಡುತ್ತಾರೆ.

"ರಾಯರೇ, ಸ್ವಲ್ಪ ಆ ಕಡೆ..." ಅಂದರೆ, "ನೀವು ಆಡ್ಕೊಳ್ಳಿ ಆಡ್ಕೊಳ್ಳಿ, ನನಗೇನೂ ತೊಂದರೆ ಇಲ್ಲ" ಅಂತಾರೆ. ಈ ಮಾತಿಗೆ ಎದುರು ಮಾತು ನನಗಿನ್ನೂ ಸಿಕ್ಕಿಲ್ಲ.

ಕೋಚ್ ಮೊದಲ ದಿನ ಸೀಟಿ ಊದಿದರು. ರಾಯರು ತಿರುಗಿಯೂ ನೋಡಲಿಲ್ಲ. ಮರುದಿನ ಹತ್ತಿರ ಹೋಗಿ ನಕ್ಕು ಕೈ ಮುಗಿದರು. ರಾಯರೂ ಕೈ ಮುಗಿದು, ಸಹಸ್ರನಾಮದ ಸದ್ದು ಸ್ವಲ್ಪ ಕಮ್ಮಿ ಮಾಡಿ, ನಡಿಗೆ ಮುಂದುವರಿಸಿದರು. ಅದರ ಮಾರನೇ ದಿನ ಆ ಮನುಷ್ಯ ಸೋಲೊಪ್ಪಿಕೊಂಡು ರಾಯರನ್ನೇ ಪಾಠಕ್ಕೆ ಸೇರಿಸಿಕೊಂಡರು. ಅವತ್ತಿನ ಪಾಠ ಸ್ಕ್ರೀನ್. ನಮ್ಮವನೊಬ್ಬ ಎದುರಾಳಿಯ ದಾರಿಗೆ ಅಡ್ಡ ನಿಂತರೆ, ಬಾಲ್ ಹಿಡಿದವನು ಅವನ ಪಕ್ಕದಿಂದ ಜಾರಿಕೊಂಡು ರಿಂಗಿಗೆ ನುಗ್ಗುವುದು. "ರಾಯರು ಬೇಸ್‌ಲೈನಿಗೆ ಬಂದಾಗ ಅವರ ಪಕ್ಕದಿಂದ ನುಗ್ಗಿ" ಅಂದರು. ಹುಡುಗರಿಗೆ ಹಬ್ಬ. ರಾಯರು ಬರೋದನ್ನೇ ಕಾಯೋದು, ಅವರ ಸ್ವೆಟರಿಗೆ ತಾಗಿಯೂ ತಾಗದ ಹಾಗೆ ನುಗ್ಗೋದು, ಹಿಂದೆ ಓಡಿ ಬಂದವನು ಛತ್ರಿ ನೋಡಿ ಬ್ರೇಕ್ ಹಾಕೋದು. ನಾನು ಬೋರ್ಡಿನ ಮೇಲೆ ಬಾಣ ಬಿಡಿಸಿ ಬಿಡಿಸಿ ಸೋತ ಪಾಠ ಒಂದೇ ಬೆಳಿಗ್ಗೆಯಲ್ಲಿ ತಲೆಗೆ ಹೋಯಿತು. ಆದರೆ ಸ್ಕ್ರೀನ್ ಮಾಡುವವನು ಅಲ್ಲಾಡದೆ ನಿಂತಿರಬೇಕು, ನಡೆಯುತ್ತಾ ಅಡ್ಡ ಬಂದು ತಾಗಿಸಿದರೆ ಫೌಲ್. ಅದಕ್ಕೆ ಕೋಚ್ ನನ್ನ ಮೂಲಕ ವಿನಂತಿ ಕಳಿಸಿದರು, ಆ ಜಾಗದಲ್ಲಿ ಎರಡು ಕ್ಷಣ ನಿಲ್ಲಬಹುದೇ ಅಂತ.

"ನಿಲ್ಲೋದಾ? ಹಾರ್ಟ್ ರೇಟ್ ಬಿದ್ದುಹೋಗುತ್ತಪ್ಪಾ" ಅಂದರು ರಾಯರು. ಅಲ್ಲಾ, ಹತ್ತು ಹೆಜ್ಜೆ ಆಚೆ, ಪೇಂಟ್ ಒಳಗೆ ನಿಂತಾಗ ಬೀಳಲ್ವಾ?

ಕೊನೆಗೆ ಅವರು ನಿಂತಿದ್ದು ಒಂದೇ ಸಲ, ಅದೂ ಕೋಚಿಗೆ ಪಾಠ ಹೇಳಲು. "ನಿಮ್ಮೂರಿನವರು ಬರ್ತಿರೋದು ಇದೇ ಮೊದಲಲ್ಲ ಮಿಸ್ಟರ್. ಹ್ಯಾರಿ ಬಕ್ ಅಂತ ಒಬ್ಬರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ವ್ಯಾಯಾಮ ಕಾಲೇಜು ಶುರು ಮಾಡಿದರು. ನೇಸ್ಮಿತ್ 1891ರಲ್ಲಿ ಈ ಆಟ ಕಂಡುಹಿಡಿದರಲ್ಲ, ಆ ಸ್ಪ್ರಿಂಗ್‌ಫೀಲ್ಡಿನಲ್ಲೇ ಓದಿದವರು. ನಿಮ್ಮ ಹಾಗೆ ರಿಟರ್ನ್ ಟಿಕೆಟ್ ಇಟ್ಕೊಂಡು ಬಂದವರಲ್ಲ." ರಾಯರ ಅಣ್ಣ ಅದೇ ಕಾಲೇಜಿನಲ್ಲಿ ಓದಿ ಪಿಟಿ ಮೇಷ್ಟ್ರಾಗಿದ್ದರಂತೆ. ನನಗೆ ಇಷ್ಟು ವರ್ಷ ಹೇಳೇ ಇರಲಿಲ್ಲ! ಒಪ್ಪಿಕೊಳ್ಳಬೇಕು, ಅವತ್ತು ರಾಯರ ಮೇಲೆ ಸ್ವಲ್ಪ ಪ್ರೀತಿ ಬಂತು. ನನಗೂ ಅಮೆರಿಕದವರಿಗೂ ಒಂದೇ ಬೆಲೆ ಕಟ್ಟಿದವರು ಊರಲ್ಲಿ ಅವರೊಬ್ಬರೇ.

ಕೋಚ್ ಕೂಡ ಕಥೆ ಹೇಳುತ್ತಿದ್ದರು. ಇಲ್ಲಿನ ಮಕ್ಕಳಿಗೆ ಅಮೆರಿಕದ ಆಟಗಾರರಾದ ಲೆಬ್ರಾನ್ ಜೇಮ್ಸ್, ಸ್ಟೀಫನ್ ಕರಿ ಬಾಯಿಪಾಠ. ಭಾರತ 2014ರಲ್ಲಿ ಚೀನಾಕ್ಕೇ ಹೋಗಿ ಏಷ್ಯಾ ಕಪ್ಪಿನಲ್ಲಿ ಚೀನಾವನ್ನು ಸೋಲಿಸಿದ್ದು ಯಾರಿಗೂ ಗೊತ್ತಿರಲಿಲ್ಲ. ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು 2015ರಲ್ಲಿ ಡಲ್ಲಾಸ್ ತಂಡ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಗೆ ಆರಿಸಿಕೊಂಡ ಕಥೆ ಹೇಳಿದಾಗ ಒಂದು ಹುಡುಗಿ ಬಾಲ್ ತಬ್ಬಿಕೊಂಡು ಕೂತು ಕೇಳಿದಳು. ಎಡಗೈ ಆಟಗಾರ್ತಿ. ಅವಳ ಕೈ ಅವಳ ಕಣ್ಣಿಗಿಂತ ಮುಂಚೆ ಪಾಸ್ ಹುಡುಕುತ್ತದೆ. ಅವಳ ಆಟ ನೋಡಲೆಂದೇ ಕೋಚ್ ಬೇಗ ಬರುತ್ತಿದ್ದರು.

ಅವಳು ಒಂದು ಸೋಮವಾರದಿಂದ ಬರೋದು ನಿಲ್ಲಿಸಿದಳು. "ಗಾಯವೇ?" ಅಂದರು ಕೋಚ್. "ಎಸ್ಸೆಸ್ಸೆಲ್ಸಿ" ಅಂದೆ. ಅದು ಎಷ್ಟು ವಾರದಲ್ಲಿ ವಾಸಿಯಾಗುತ್ತದೆ ಅನ್ನುವ ಹಾಗೆ ನನ್ನ ಮುಖ ನೋಡಿದರು. ಬೆಳಿಗ್ಗೆ ಐದೂವರೆಗೆ ಮ್ಯಾಥ್ಸ್ ಟ್ಯೂಷನ್, ಸಂಜೆ ಸೈನ್ಸ್ ಅಂತ ಬಿಡಿಸಿ ಹೇಳಿದೆ. ಆಮೇಲೆ ಅವಳಮ್ಮ ತರಕಾರಿ ಗಾಡಿ ಹತ್ತಿರ ಸಿಕ್ಕಿದರು. "ಸ್ಪೋರ್ಟ್ಸ್ ಕೋಟಾದಲ್ಲಿ ಸೀಟ್ ಗ್ಯಾರಂಟಿ ಅಂತ ಬರೆದುಕೊಡ್ತೀರಾ ಸರ್?" ಅಂದರು. ನಾನು ಬದನೆಕಾಯಿ ಆರಿಸಿದೆ.

ನೋಡಿ, ರಿಂಗ್ ತಗ್ಗಾಗಿದ್ದು ಟೇಪ್ ಹಿಡಿದರೆ ಗೊತ್ತಾಗುತ್ತೆ. ಇದನ್ನು ಯಾವ ಟೇಪಲ್ಲಿ ಅಳೆಯೋದು?

ನಿನ್ನೆ ರಾತ್ರಿ ಕೋಚ್ ವಾಟ್ಸಾಪ್ ಕಳಿಸಿದ್ದರು. ರಾಯರು ನಿಲ್ಲೋದು ಕಲಿತರಾ, ಎಡಗೈ ಹುಡುಗಿ ವಾಪಸ್ ಬಂದಳಾ ಅಂತ. ರಾಯರು ನಿಲ್ಲಲ್ಲ, ಅವಳು ಪರೀಕ್ಷೆ ಮುಗಿದ ತಕ್ಷಣ ಬರ್ತಾಳೆ ಅಂತ ಬರೆದೆ. ದೊಡ್ಡ ಹೆಬ್ಬೆಟ್ಟು ಕಳಿಸಿದರು. ಪಿಯುಸಿ ಬ್ರಿಡ್ಜ್ ಕೋರ್ಸ್ ಏಪ್ರಿಲಿನಲ್ಲೇ ಶುರುವಾಗುತ್ತೆ ಅನ್ನೋದನ್ನು ನಾನು ಬರೆಯಲಿಲ್ಲ.