ಕೋಟಾ ಬಿಡಿ, ಕಾಲೇಜಿನ ಪಟ್ಟಿ ತೋರಿಸಿ

ಬೆಂಗಳೂರಿನ ಐಟಿ ಕಂಪನಿಗಳು ಕನ್ನಡಿಗರಿಗೆ ಕೆಲಸ ಕೊಡೋದಿಲ್ಲ ಅನ್ನುವ ಜಗಳ ಆಗಾಗ ಎದ್ದೇ ಏಳುತ್ತದೆ. ಎರಡು ದಿನ ಟಿವಿಯಲ್ಲಿ ಕೂಗಾಟ. ಒಂದು ಕಡೆಯವರು ಎಲ್ಲ ಕೆಲಸ ನಮಗೇ ಬೇಕು ಅನ್ನುತ್ತಾರೆ. ಇನ್ನೊಂದು ಕಡೆಯವರು ಪ್ರತಿಭೆ ಇದ್ದವರಿಗೆ ಕೆಲಸ, ಊರು ಯಾವುದಾದರೇನು ಅನ್ನುತ್ತಾರೆ. ಮೂರನೇ ದಿನಕ್ಕೆ ಎಲ್ಲರೂ ಮರೆತಿರುತ್ತಾರೆ.

ನಾನಿರುವುದು ಚೆನ್ನೈನಲ್ಲಿ. ಓಎಂಆರ್ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಂದರೆ ಇಲ್ಲಿ ಹೊರರಾಜ್ಯದವನು ನಾನೇ. ಹೊರಗಿನವರು ಬರಲೇಬಾರದು ಅನ್ನಲು ನನಗೆ ಬಾಯಿಲ್ಲ, ಹಾಗನ್ನುವ ಮನಸ್ಸೂ ಇಲ್ಲ. ಆದರೆ ನಮ್ಮ ಟೀಮು ಎರಡೂ ಊರಲ್ಲಿದೆ. ಇಲ್ಲಿಗೂ ಬೆಂಗಳೂರಿಗೂ ಜನರನ್ನು ಆರಿಸುವಾಗ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರುತ್ತೇನೆ. ಕೆಲಸ ಒಂದೇ, ಸಂಬಳ ಒಂದೇ. ಜನ ಒಳಗೆ ಬರುವ ದಾರಿ ಮಾತ್ರ ಬೇರೆ ಬೇರೆ. ನಮ್ಮ ಜಗಳದಲ್ಲಿ ಈ ದಾರಿಯ ಮಾತೇ ಬರುವುದಿಲ್ಲ.

2024ರ ಜುಲೈ ನೆನಪಿದೆಯಲ್ವಾ? ಖಾಸಗಿ ಕಂಪನಿಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಕಂಪನಿಗಳ ಸಂಘಟನೆ ನಾಸ್ಕಾಂ ವಿರೋಧಿಸಿತು. ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕಂಪನಿಗಳನ್ನು ಕರೆದರು. ತಮಾಷೆ ನೋಡಿ, ಶೇ. 75 ಕೆಲಸ ಸ್ಥಳೀಯರಿಗೇ ಅಂತ 2019ರಲ್ಲೇ ಕಾನೂನು ಮಾಡಿದ್ದು ಅದೇ ಆಂಧ್ರ. ಆಗ ಅಲ್ಲಿ ಬೇರೆ ಸರ್ಕಾರ ಇತ್ತು, ಅಷ್ಟೇ. ಗಲಾಟೆ ಜಾಸ್ತಿ ಆದ ಕೂಡಲೇ ನಮ್ಮವರು ಮಸೂದೆಯನ್ನು ತಡೆಹಿಡಿದರು. ತಡೆಹಿಡಿಯದೇ ಹೋಗಿದ್ದರೂ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಿತ್ತು. ಹರಿಯಾಣದ ಇಂಥದೇ ಕಾನೂನು ತಿಂಗಳಿಗೆ 30 ಸಾವಿರ ರೂಪಾಯಿಯೊಳಗಿನ ಕೆಲಸಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದನ್ನೂ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತು.

ತಮಿಳುನಾಡಿನಲ್ಲಿ ಡಿಎಂಕೆ ಕೂಡ 2021ರ ಪ್ರಣಾಳಿಕೆಯಲ್ಲಿ ಇದೇ ಶೇ. 75ರ ಮಾತು ಕೊಟ್ಟಿತ್ತು. ಪಕ್ಷ ಅಧಿಕಾರಕ್ಕೆ ಬಂತು, ಕಾನೂನು ಬರಲಿಲ್ಲ. ಆದರೂ ನಮ್ಮ ಚೆನ್ನೈ ಆಫೀಸಿನ ತುಂಬ ತಿರುನೆಲ್ವೇಲಿ, ಈರೋಡ್, ವಿರುಧುನಗರದ ಹುಡುಗ ಹುಡುಗಿಯರಿದ್ದಾರೆ. ಬೆಂಗಳೂರಿನ ಆಫೀಸಿನಲ್ಲಿ ರಾಯಚೂರು, ಗದಗ, ಚಿತ್ರದುರ್ಗದವರನ್ನು ದುರ್ಬೀನು ಹಾಕಿ ಹುಡುಕಬೇಕು. ಕಾನೂನು ಎರಡೂ ಕಡೆ ಇಲ್ಲ.

ಬೆಂಗಳೂರಿನ ಗಾತ್ರವೂ ಒಂದು ಕಾರಣ, ಅದನ್ನು ಒಪ್ಪಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಎಷ್ಟೋ ಮೊದಲೇ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳಿಗೆ ದೇಶದ ಮೂಲೆ ಮೂಲೆಯಿಂದ ಜನ ಬಂದಿದ್ದರು. ಕನ್ನಡಿಗರಿಗೆ ಕೆಲಸ ಸಿಗುತ್ತಿಲ್ಲ ಅನ್ನುವ ದೂರಿಗೂ ಅಷ್ಟೇ ವಯಸ್ಸಾಗಿದೆ. ಕನ್ನಡಿಗರ ಉದ್ಯೋಗದ ಬಗ್ಗೆ ಸರ್ಕಾರ ಮಾಡಿದ ಸರೋಜಿನಿ ಮಹಿಷಿ ಸಮಿತಿ ಆಗಿದ್ದು 1983ರಲ್ಲಿ, ಆಗಿನ್ನೂ ಯಾರ ಬಾಯಲ್ಲೂ ಐಟಿ ಅನ್ನುವ ಮಾತಿರಲಿಲ್ಲ. ಇಷ್ಟು ದೊಡ್ಡ ಊರಿನ ಎಲ್ಲ ಕೆಲಸಕ್ಕೂ ಒಂದೇ ರಾಜ್ಯದಿಂದ ಜನ ಸಿಗುವುದು ಆಗದ ಮಾತು. ಹತ್ತು ಹದಿನೈದು ವರ್ಷದ ಅನುಭವ ಬೇಕಾದ ಕೆಲಸಕ್ಕೆ ಎಲ್ಲಿಂದಾದರೂ ಬರಲಿ. ನನ್ನ ತಕರಾರು ಇರುವುದು ಕಾಲೇಜು ಮುಗಿಸಿ ಬರುವ ಫ್ರೆಶರ್‌ಗಳ ವಿಷಯದಲ್ಲಿ.

ಬೆಂಗಳೂರಿಗೆ ಫ್ರೆಶರ್‌ಗಳನ್ನು ಆರಿಸಲು ಎಚ್‌ಆರ್‌ನವರು ಒಮ್ಮೆ ಒಂದು ಎಕ್ಸೆಲ್ ಶೀಟ್ ಕಳಿಸಿದ್ದರು. ಎ, ಬಿ, ಸಿ ಅಂತ ಮೂರು ಕಾಲಂ. ಎಯಲ್ಲಿ ಐಐಟಿಗಳು, ಎನ್‌ಐಟಿಗಳು. ಬಿಯಲ್ಲಿ ಬೇರೆ ರಾಜ್ಯಗಳ ದೊಡ್ಡ ಖಾಸಗಿ ಯೂನಿವರ್ಸಿಟಿಗಳು, ಜೊತೆಗೆ ಬೆಂಗಳೂರಿನ ನಾಲ್ಕೈದು ಹೆಸರಾಂತ ಕಾಲೇಜು. ಸಿಯಲ್ಲಿ ಇನ್ನೊಂದಿಷ್ಟು. ಸುರತ್ಕಲ್ ಎನ್‌ಐಟಿಯಂಥ ಕೇಂದ್ರದ ಸಂಸ್ಥೆಗಳನ್ನು ಬಿಟ್ಟರೆ ಕರ್ನಾಟಕದಲ್ಲಿ ತುಮಕೂರಿನ ಆಚೆಯ ಒಂದು ಕಾಲೇಜೂ ಅದರಲ್ಲಿರಲಿಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 1998ರಿಂದ ಇರುವುದು ಬೆಳಗಾವಿಯಲ್ಲಿ. ಪಟ್ಟಿಯಲ್ಲಿ ಬೆಳಗಾವಿಯೇ ಇಲ್ಲ. ಯಾಕೆ ಅಂತ ಕೇಳಿದೆ. "ಅಲ್ಲಿಗೆ ಹೋಗಿ ಬರೋಕೆ ಎರಡು ದಿನ ಬೇಕು ಸರ್. ಅಷ್ಟು ದೂರ ಹೋಗಿ ಇಬ್ಬರೇ ಸಿಕ್ಕರೆ?" ಅಂದರು. ಇದೇ ತಂಡ ಅದಕ್ಕಿಂತ ದೂರದ ಊರುಗಳಿಗೆ ವಿಮಾನದಲ್ಲಿ ಹೋಗಿ ಬರುತ್ತದೆ. ಆಗ ದಿನದ ಲೆಕ್ಕ ಯಾರೂ ಹಾಕುವುದಿಲ್ಲ.

ಬೆಂಗಳೂರಿನ ಕಾಲೇಜುಗಳಿವೆಯಲ್ಲ, ಅವರೂ ಸ್ಥಳೀಯರೇ ತಾನೇ ಅನ್ನಬಹುದು. ಅಲ್ಲೊಂದು ಸೂಕ್ಷ್ಮ ಇದೆ. ಸಿಇಟಿ ಸೀಟು ಬಿಟ್ಟು ಖಾಸಗಿ ಕಾಲೇಜುಗಳದೇ ಪರೀಕ್ಷೆಯ ಕಾಮೆಡ್‌-ಕೆ ಸೀಟಿಗೆ, ಮ್ಯಾನೇಜ್‌ಮೆಂಟ್ ಸೀಟಿಗೆ ದೇಶದ ಯಾವ ಮೂಲೆಯವರೂ ಬರಬಹುದು, ಬರುತ್ತಾರೆ. ಓದಲು ಬಂದರೆ ತಪ್ಪೇನಿಲ್ಲ. ಆದರೆ ಕಾಲೇಜು ಬೆಂಗಳೂರಿನದು ಅಂದ ಮಾತ್ರಕ್ಕೆ ಕಂಪನಿ 'ನಾವು ಲೋಕಲ್ ಹೈರಿಂಗ್ ಮಾಡಿದ್ದೇವೆ' ಅಂತ ಎದೆ ತಟ್ಟಿಕೊಳ್ಳುವುದು ಸುಮ್ನೆ ಬಾಯಿಮಾತು.

ಇನ್ನು ರೆಫರಲ್. ಅನುಭವ ಇದ್ದವರು ಬೇಕಾದಾಗ ಮೊದಲು ಒಳಗಿನವರಿಗೇ ಮೇಲ್ ಬರುತ್ತದೆ. ನಿಮ್ಮ ಪರಿಚಯದವರಿದ್ದರೆ ಹೇಳಿ, ಅವರು ಸೇರಿದರೆ ನಿಮಗೆ ಬೋನಸ್. ಯಾರು ಯಾರ ಹೆಸರು ಹೇಳುತ್ತಾರೆ? ತನ್ನ ಕಾಲೇಜಿನ ಜೂನಿಯರ್, ರೂಮ್‌ಮೇಟ್, ಬಾಮೈದ. ಇದರಲ್ಲಿ ಪಿತೂರಿ ಏನೂ ಇಲ್ಲ. ಆದರೆ ಮೊದಲ ಹತ್ತು ಜನ ಯಾವ ಕಡೆಯವರೋ, ಮುಂದಿನ ನೂರು ಜನವೂ ಆ ಕಡೆಯವರೇ ಆಗುತ್ತಾರೆ. ಚೆನ್ನೈನಲ್ಲೂ ಇದು ಹೀಗೇ ನಡೆಯುತ್ತದೆ. ಅಲ್ಲಿ ಮೊದಲ ಹತ್ತು ಜನ ತಮಿಳರು, ಅದೇ ವ್ಯತ್ಯಾಸ. (ಚೆನ್ನೈ ಏನು ಸತ್ಯಹರಿಶ್ಚಂದ್ರನ ಊರಲ್ಲ. ನಮ್ಮವನಾ ಅಂತ ಜಾತಿ ನೋಡುವವರು ಇಲ್ಲೂ ಇದ್ದಾರೆ.)

ನನ್ನನ್ನು ಹೆಚ್ಚು ಕಾಡಿದ್ದು ಇಂಟರ್‌ವ್ಯೂ ಕೋಣೆ. ಚೆನ್ನೈನಲ್ಲಿ ಸಣ್ಣ ಊರಿನ ಹುಡುಗ ಬಂದು ಕೂರುತ್ತಾನೆ. ಉತ್ತರ ಗೊತ್ತಿದೆ, ಇಂಗ್ಲಿಷಿನಲ್ಲಿ ಹೇಳಲು ತಡವರಿಸುತ್ತಾನೆ. ಎದುರಿಗಿರುವ ತಮಿಳು ಮ್ಯಾನೇಜರ್ ಒಂದು ನಿಮಿಷ ಕಾಯುತ್ತಾರೆ. ಆಮೇಲೆ "ಪರವಾಯಿಲ್ಲೆ, ತಮಿಳ್ಲಯೇ ಸೊಲ್ಲುಂಗ" ಅನ್ನುತ್ತಾರೆ. ಪರವಾಗಿಲ್ಲ, ತಮಿಳಲ್ಲೇ ಹೇಳಿ ಅಂತ. ಅಷ್ಟು ಸಾಕು, ಹುಡುಗನ ಹೆಗಲು ಕೆಳಗಿಳಿಯುತ್ತದೆ. ಬೋರ್ಡಿನ ಮೇಲೆ ಲಿಂಕ್ಡ್ ಲಿಸ್ಟ್ ಬರೆದು, ತಮಿಳಿನಲ್ಲಿ ಇಂಗ್ಲಿಷ್ ಪದ ಸೇರಿಸಿಕೊಂಡು ಸರಾಗವಾಗಿ ವಿವರಿಸುತ್ತಾನೆ. ಕೊನೆಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಕೆಲಸಕ್ಕೆ ಸಾಕಾಗುವಷ್ಟು ಬರುತ್ತದೆ ಅಂತ ಗೊತ್ತಾಗುತ್ತದೆ.

ಬೆಂಗಳೂರಿನ ಹುದ್ದೆಗೆ ಕೊಪ್ಪಳದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಕೋಡಿಂಗ್ ಸುತ್ತಿನಲ್ಲಿ ಒಳ್ಳೆಯ ಅಂಕ. ವಿಡಿಯೋದಲ್ಲಿ ನಾವು ನಾಲ್ವರು, ಕನ್ನಡ ಬರುವವನು ನಾನೊಬ್ಬ. ಒಂದು ಪ್ರಶ್ನೆಗೆ ಅವಳು ತಡವರಿಸಿದಾಗ ಕನ್ನಡದಲ್ಲೇ ಹೇಳಮ್ಮ ಅಂದೆ. ಅವಳು ಹೇಳಿದಳು, ಉತ್ತರ ಸರಿ ಇತ್ತು. ಉಳಿದ ಮೂವರಿಗೆ ನಾನೇ ಅದನ್ನು ತಿರುಗಿಸಿ ಹೇಳಿದೆ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮೂವರೂ ಬರೆದದ್ದು ಒಂದೇ: ಕಮ್ಯುನಿಕೇಶನ್ ವೀಕ್. ಅವಳು ಆಯ್ಕೆ ಆಗಲಿಲ್ಲ. ಅದೇ ಮೂವರು ಇಂಟರ್‌ವ್ಯೂ ಮುಗಿದ ಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಂಡದ್ದು ಹಿಂದಿಯಲ್ಲಿ. 'ಲೋಕಲ್ ಟ್ಯಾಲೆಂಟ್ ಸಿಗೋದಿಲ್ಲ' ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಫಾರ್ಮು ನೆನಪಾಗುತ್ತದೆ.

ಕಂಪನಿಗೆ ಮನಸ್ಸಿದ್ದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ತಮಿಳುನಾಡಿನ ಸಾಫ್ಟ್‌ವೇರ್ ಕಂಪನಿ ಜೋಹೊ ಸಾಕ್ಷಿ. ಎರಡು ದಶಕದಿಂದ ಅವರದೇ ಒಂದು ಶಾಲೆ ನಡೆಯುತ್ತಿದೆ. ಹನ್ನೆರಡನೇ ಕ್ಲಾಸು ಅಥವಾ ಡಿಪ್ಲೊಮಾ ಮುಗಿಸಿದವರನ್ನು ತೆಗೆದುಕೊಳ್ಳುತ್ತಾರೆ. ಫೀಸಿಲ್ಲ, ಬದಲಿಗೆ ತಿಂಗಳು ತಿಂಗಳು ಸ್ಟೈಪೆಂಡ್. ಪ್ರೋಗ್ರಾಮಿಂಗ್ ಜೊತೆ ಇಂಗ್ಲಿಷನ್ನೂ ಕಲಿಸಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ತೆಂಕಾಶಿಯಲ್ಲೂ ಅವರ ಕಚೇರಿ, ಶಾಲೆ ಎರಡೂ ಇವೆ. ಚೆನ್ನೈಗೂ ತೆಂಕಾಶಿಗೂ 600 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿಗೂ ಕಲಬುರಗಿಗೂ ಇರುವಷ್ಟು ದೂರ. ತಮಿಳುನಾಡು ಸರ್ಕಾರವೂ ತನ್ನ ಎಲೆಕ್ಟ್ರಾನಿಕ್ಸ್ ನಿಗಮ ಎಲ್ಕಾಟ್ ಮೂಲಕ ಮದುರೈ, ತಿರುಚ್ಚಿ, ಸೇಲಂ, ತಿರುನೆಲ್ವೇಲಿ, ನಮ್ಮ ಗಡಿಯ ಹೊಸೂರಿನಲ್ಲಿ ಐಟಿ ಪಾರ್ಕ್ ಮಾಡಿತು. ಅವೆಲ್ಲ ಒಂದೇ ಸಲಕ್ಕೆ ತುಂಬಿ ತುಳುಕಲಿಲ್ಲ, ನಿಜ. ಆದರೆ ಎಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ರಾಜಧಾನಿಯೊಂದೇ ಗತಿ ಅನ್ನುವ ಸ್ಥಿತಿ ತಮಿಳುನಾಡಿನಲ್ಲಿ ಕರ್ನಾಟಕಕ್ಕಿಂತ ಕಡಿಮೆ.

ಕಲ್ಯಾಣ ಕರ್ನಾಟಕದ ಒಂದು ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಜೊತೆ ಫೋನಿನಲ್ಲಿ ಮಾತಾಡಿದ್ದೆ. "ಕಂಪನಿಯವ್ರು ಯಾರೂ ಬರಂಗಿಲ್ರಿ ಸರ್. ಒಂದ್ ಲಿಂಕ್ ಕಳಿಸ್ತಾರ, ಹುಡುಗ್ರು ಟೆಸ್ಟ್ ಬರೀತಾರ, ಆಮ್ಯಾಲ ಸುದ್ದೀನ ಇಲ್ಲ" ಅಂದರು. ಬೈಗುಳ ಇರಲಿಲ್ಲ ದನಿಯಲ್ಲಿ, ಅಭ್ಯಾಸವಾಗಿ ಹೋದಂತಿತ್ತು.

ನಮ್ಮವರ ಪಾಲೂ ಇದರಲ್ಲಿದೆ. ಬೆಂಗಳೂರಿನಲ್ಲಿ ಮ್ಯಾನೇಜರ್, ಡೈರೆಕ್ಟರ್ ಆಗಿರುವ ಕನ್ನಡಿಗರು ಕಡಿಮೆ ಏನಿಲ್ಲ. ಆದರೆ ಕನ್ನಡದವರ ರೆಸ್ಯೂಮೆ ಮುಂದೆ ತಳ್ಳಲು ಅವರಿಗೆ ಏನೋ ಸಂಕೋಚ. ಪ್ರಾಂತೀಯವಾದಿ ಅಂದುಬಿಟ್ಟರೆ ಅನ್ನುವ ಭಯ. ಉಳಿದ ಯಾವ ರಾಜ್ಯದವರಿಗೂ ಈ ಭಯ ಇದ್ದಂತೆ ನಾನು ಕಂಡಿಲ್ಲ. ಇತ್ತ ಸರ್ಕಾರಗಳಿಗೆ ಮಸೂದೆ ತರುವುದು ಸುಲಭ, ಹಿಂದೆ ತೆಗೆದುಕೊಳ್ಳುವುದು ಇನ್ನೂ ಸುಲಭ.

ಹೊಸ ಕಾನೂನಿಲ್ಲದೆಯೂ ಮಾಡಬಹುದಾದದ್ದು ಎಷ್ಟೋ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿ ಕಂಪನಿಗಳೂ ಇದರೊಳಗೆ ಬರುತ್ತವೆ. ಹುಡುಗರನ್ನು ಒಂದು ವರ್ಷ ಒಳಗಿಟ್ಟುಕೊಂಡು ಕೆಲಸ ಕಲಿಸಿದರೆ ಕಮ್ಯುನಿಕೇಶನ್ ಬಲವೋ ವೀಕೋ ತಾನಾಗಿ ಗೊತ್ತಾಗುತ್ತದೆ. (ಕರ್ನಾಟಕವೂ ಸೇರಿ ದಕ್ಷಿಣದ ಎಂಜಿನಿಯರಿಂಗ್ ಅಪ್ರೆಂಟಿಸ್‌ಗಳ ಮಂಡಳಿಯ ಕಚೇರಿ ಇರುವುದು ಇಲ್ಲಿ ಚೆನ್ನೈನ ತರಮಣಿಯಲ್ಲಿ. ಅದೂ ಒಂದು ತಮಾಷೆ.)

ಇನ್ನೊಂದು ದಾರಿ ರಿಯಾಯಿತಿ. ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲಿ ಕನ್ನಡಿಗರಿಗೆ ಶೇ. 70, 'ಡಿ' ದರ್ಜೆಯಲ್ಲಿ ಪೂರ್ತಿ ಅನ್ನುವ ಮಾತು ಇದ್ದೇ ಇತ್ತು. 2024ರ ಜಿಸಿಸಿ (ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆಯುವ ಕೇಂದ್ರ) ನೀತಿ 2029ರೊಳಗೆ 500 ಹೊಸ ಕೇಂದ್ರ, ಮೂರೂವರೆ ಲಕ್ಷ ಕೆಲಸ ಅನ್ನುತ್ತದೆ. ಬಾಡಿಗೆಯಲ್ಲೋ ತೆರಿಗೆಯಲ್ಲೋ ಸರ್ಕಾರದ ದುಡ್ಡು ಪಡೆಯುವ ಕಂಪನಿಗೆ ಎರಡು ಪ್ರಶ್ನೆ ಕೇಳಿದರೆ ಯಾವ ಹೈಕೋರ್ಟೂ ಅಡ್ಡ ಬರಲಾರದು. ಈ ವರ್ಷ ಯಾವ ಯಾವ ಜಿಲ್ಲೆಯ ಕಾಲೇಜಿಗೆ ಹೋಗಿ ಕ್ಯಾಂಪಸ್ ಸೆಲೆಕ್ಷನ್ ಮಾಡಿದಿರಿ? ಫ್ರೆಶರ್‌ಗಳಲ್ಲಿ ಎಷ್ಟು ಜನ ಈ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಓದಿದವರು? ಉತ್ತರವನ್ನು ವರ್ಷಕ್ಕೊಮ್ಮೆ ವೆಬ್‌ಸೈಟಿನಲ್ಲಿ ಹಾಕಲಿ. ದಂಡ ಬೇಡ, ಕೋಟಾ ಬೇಡ. ಪಕ್ಕದ ಕಂಪನಿ ಹನ್ನೆರಡು ಜಿಲ್ಲೆ ಬರೆದು ತಮ್ಮದು ಸೊನ್ನೆ ಇದ್ದರೆ ಎಚ್‌ಆರ್‌ನವರೇ ಬೆಳಗಾವಿ ರೈಲಿಗೆ ಟಿಕೆಟ್ ಬುಕ್ ಮಾಡುತ್ತಾರೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಬೆಂಗಳೂರಿನ ಕಂಪನಿಗಳಲ್ಲಿರುವ ನಮ್ಮ ಸೀನಿಯರ್‌ಗಳು ಎಚ್‌ಆರ್‌ನವರ ಹತ್ತಿರ ಆ ಎಕ್ಸೆಲ್ ಶೀಟ್ ಕೇಳಿ ನೋಡಲಿ. ತಾವು ಓದಿದ ಕಾಲೇಜು ಅದರಲ್ಲಿ ಇಲ್ಲದಿದ್ದರೆ ಸೇರಿಸಿ ಅಂತ ಒಂದು ಮೇಲ್ ಹಾಕಲಿ, ಕ್ಯಾಂಪಸ್ ಸೆಲೆಕ್ಷನ್‌ಗೆ ಜೊತೆಯಲ್ಲಿ ತಾವೇ ಬರುತ್ತೇವೆ ಅಂತಲೂ ಬರೆಯಲಿ. ಫ್ರೆಶರ್‌ಗಳ ಪ್ಯಾನೆಲ್‌ನಲ್ಲಿ ಕನ್ನಡ ಬರುವ ಇಬ್ಬರಾದರೂ ಇರಲಿ ಅಂತ ಕೇಳಲಿ. ನಾನೊಬ್ಬನೇ ಇದ್ದಾಗ ಆ ಹುಡುಗಿಗೆ ಬಿದ್ದದ್ದು ನಾಲ್ಕರಲ್ಲಿ ಒಂದು ವೋಟು.